ಬಸ್ಸಿಳಿದ ಮೇಲಿನ ದಾರಿ

ಹೆಣ್ಣುಮಗಳೊಬ್ಬಳು ಒಬ್ಬಳೇ ದೂರದ ಊರಿಗೆ ಹೊರಟರೆ ಮನೆಯವರು ಕೇಳುವ ಪ್ರಶ್ನೆಗಳೆಲ್ಲ ಹೊರಡುವುದರ ಬಗ್ಗೆಯೇ ಇರುತ್ತವೆ. ಬಸ್ಸು ಎಷ್ಟು ಹೊತ್ತಿಗೆ, ಯಾವ ಸೀಟು, ಪಕ್ಕದಲ್ಲಿ ಯಾರು ಕೂತಿದ್ದಾರೆ, ಫೋನಿನಲ್ಲಿ ಚಾರ್ಜ್ ಇದೆಯಾ? ಕಂಡಕ್ಟರ್ ರೈಟ್ ಹೇಳಿ ಬಸ್ಸು ಸ್ಟ್ಯಾಂಡಿನಿಂದ ಹೊರಬಿದ್ದರೆ ಆತಂಕದಲ್ಲಿ ಅರ್ಧ ಇಳಿಯುತ್ತದೆ. 'ಸೀಟು ಸಿಕ್ತು' ಎಂಬ ಮೆಸೇಜು ಬಂದರೆ ಉಳಿದದ್ದೂ ಕಡಿಮೆಯಾಗುತ್ತದೆ. ಆದರೆ ಆ ಬಸ್ಸು ಅವಳನ್ನು ಎಷ್ಟು ಹೊತ್ತಿಗೆ ಎಲ್ಲಿ ಇಳಿಸುತ್ತದೆ, ಇಳಿದ ಜಾಗದಲ್ಲಿ ದೀಪ ಇದೆಯೇ, ತೆರೆದ ಅಂಗಡಿ ಇದೆಯೇ, ಅಲ್ಲಿಂದ ಮನೆಯ ಬಾಗಿಲಿನವರೆಗೆ ಹೇಗೆ ಹೋಗುತ್ತಾಳೆ ಎಂದು ಕೇಳುವವರು ಕಡಿಮೆ. ಸರ್ಕಾರದ ಲಕ್ಷ್ಯವೂ ಇಷ್ಟೇ: ಬಸ್ಸಿನೊಳಗೆ ಕ್ಯಾಮೆರಾ, ಬಸ್ಸಿನೊಳಗೆ ತುರ್ತು ಗುಂಡಿ, ಬಸ್ಸಿನೊಳಗೆ ಮೀಸಲು ಸೀಟು. ಒಂಟಿ ಪ್ರಯಾಣದ ದೊಡ್ಡ ಅಪಾಯ ಇರುವುದು ಪ್ರಯಾಣದಲ್ಲಲ್ಲ, ಅದರ ಕೀಲುಗಳಲ್ಲಿ: ಕಾಯುವ ಹೊತ್ತು, ವಾಹನ ಬದಲಿಸುವ ಜಾಗ, ಇಳಿದ ಮೇಲಿನ ಒಂದೆರಡು ಕಿಲೋಮೀಟರ್. ಸುರಕ್ಷತೆಯ ಮಾತು ಅಲ್ಲಿಂದಲೇ ಶುರುವಾಗಬೇಕು ಎಂಬುದು ಈ ಬರಹದ ವಾದ.

ಹೆಣ್ಣುಮಕ್ಕಳು ಅತ್ಯಾಚಾರಕ್ಕೊಳಗಾಗಿ ಜೀವ ತೆತ್ತ, ದೇಶವನ್ನು ನಡುಗಿಸಿದ ಪ್ರಕರಣಗಳನ್ನು ಈ ಕಣ್ಣಿನಿಂದ ಮತ್ತೆ ನೋಡಬೇಕು. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯಲ್ಲಿ ದಾಳಿಗೊಳಗಾದ ವಿದ್ಯಾರ್ಥಿನಿ ಒಬ್ಬಳೇ ಇರಲಿಲ್ಲ, ಜೊತೆಗೆ ಗೆಳೆಯನಿದ್ದ. ಸಾಕೇತದಲ್ಲಿ ಸಿನಿಮಾ ಮುಗಿಸಿ ಬಂದವರಿಗೆ ದ್ವಾರಕಾದವರೆಗೆ ಬರಲು ಆಟೊ ಸಿಗಲಿಲ್ಲ. ಮುನಿರ್ಕಾ ಬಸ್ ನಿಲ್ದಾಣದವರೆಗೆ ಮಾತ್ರ ಒಂದು ಆಟೊ ಬಂತು. ಅಲ್ಲಿ ಕಾಯುತ್ತಿದ್ದಾಗ ಎದುರಿಗೆ ನಿಂತು ಕೂಗಿ ಹತ್ತಿಸಿಕೊಂಡದ್ದು ಸರ್ಕಾರಿ ಬಸ್ಸಲ್ಲ, ಕಪ್ಪು ಗಾಜು, ಪರದೆಗಳ ಖಾಸಗಿ ಬಸ್ಸು. ಮನೆಗೆ ಹೋಗುವ ಕೊನೆಯ ಕೊಂಡಿ ತಪ್ಪಿದ್ದರಿಂದ ಅವರು ಆ ಬಸ್ಸು ಹತ್ತಿದರು. 2005ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾಲ್‌ಸೆಂಟರ್ ಉದ್ಯೋಗಿಯೊಬ್ಬರು ರಾತ್ರಿ ಪಾಳಿಗೆ ಹೊರಟಾಗ ಬಂದವನು ದಿನವೂ ಬರುವ ಚಾಲಕನಲ್ಲ, ಅವನ ಬದಲಿಗೆ ಬಂದಿದ್ದೇನೆಂದು ಹೇಳಿಕೊಂಡವನು. ಹತ್ತುವ ಆ ಒಂದು ನಿಮಿಷದಲ್ಲಿ 'ಇವನು ಯಾರು' ಎಂದು ಪರೀಕ್ಷಿಸುವ ವ್ಯವಸ್ಥೆ ಇರಲಿಲ್ಲ. 2011ರ ಫೆಬ್ರುವರಿಯಲ್ಲಿ ಕೇರಳದ ಎರ್ನಾಕುಲಂ-ಶೋರನೂರು ಪ್ಯಾಸೆಂಜರ್ ರೈಲಿನಲ್ಲಿ ಯುವತಿ ಕೂತಿದ್ದು ಮಹಿಳೆಯರ ಬೋಗಿಯಲ್ಲೇ. ಕೊನೆಯ ನಿಲ್ದಾಣ ಹತ್ತಿರವಾದಂತೆ ಉಳಿದವರೆಲ್ಲ ಇಳಿದು ಹೋಗಿದ್ದರು; ಬೋಗಿ ಖಾಲಿಯಾಗಿತ್ತು. 2019ರ ನವೆಂಬರಿನಲ್ಲಿ ಹೈದರಾಬಾದ್ ಹೊರವಲಯದ ಶಂಷಾಬಾದ್ ಬಳಿ ಪಶುವೈದ್ಯೆಯೊಬ್ಬರು ಟೋಲ್ ಪ್ಲಾಜಾ ಹತ್ತಿರ ಸ್ಕೂಟರ್ ನಿಲ್ಲಿಸಿ ನಗರದೊಳಗೆ ಹೋಗಿ ಬಂದರು. ರಾತ್ರಿ ಮರಳಿದಾಗ ಟಯರಿನಲ್ಲಿ ಗಾಳಿ ಇರಲಿಲ್ಲ. ಅವರ ಕೈಯಲ್ಲಿ ಫೋನಿತ್ತು, ತಂಗಿಯ ಜೊತೆ ಮಾತೂ ಆಡಿದರು. ತಂಗಿಗೆ ಮಾಡುವ ಬದಲು 100ಕ್ಕೆ ಕರೆ ಮಾಡಬೇಕಿತ್ತು ಎಂದು ಆ ರಾಜ್ಯದ ಗೃಹಸಚಿವರು ಆಮೇಲೆ ಹೇಳಿದರು. ಕತ್ತಲೆಯ ಹೆದ್ದಾರಿ ಬದಿಯಲ್ಲಿ ಒಂಟಿಯಾಗಿ ನಿಂತವಳಿಗೆ ಮನೆಯವರ ದನಿ ಬೇಕೆನಿಸುವುದನ್ನೂ ತಪ್ಪಿನ ಪಟ್ಟಿಗೆ ಸೇರಿಸಿದ ಮಾತದು. ಈಗ ಓದಿದರೂ ಸಿಟ್ಟು ಬರುತ್ತದೆ.

ನಮ್ಮ ಕೊಪ್ಪಳ ಜಿಲ್ಲೆಯ ಸಾಣಾಪುರದಲ್ಲಿ 2025ರ ಮಾರ್ಚ್‌ನಲ್ಲಿ ನಡೆದದ್ದು ಇನ್ನೂ ಹಸಿಯಾಗಿದೆ. ಹಂಪಿ ನೋಡಲು ಬಂದು ಹೋಂಸ್ಟೇಯಲ್ಲಿದ್ದ ಪ್ರವಾಸಿಗರು ಅದನ್ನು ನಡೆಸುವ ಮಹಿಳೆಯ ಜೊತೆ ರಾತ್ರಿ ತುಂಗಭದ್ರಾ ಎಡದಂಡೆ ಕಾಲುವೆಯ ಬಳಿ ಕೂತಿದ್ದರು. ಒಟ್ಟು ಐದು ಜನ, ಅವರಲ್ಲಿ ಮೂವರು ಗಂಡಸರು. ಬೈಕಿನಲ್ಲಿ ಬಂದ ಮೂವರು ದುಷ್ಕರ್ಮಿಗಳು ಗಂಡಸರನ್ನು ಕಾಲುವೆಗೆ ತಳ್ಳಿ, ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ಎಸಗಿದರು. ನೀರಿಗೆ ಬಿದ್ದವರಲ್ಲಿ ಒಬ್ಬರು ಬದುಕಲಿಲ್ಲ. 'ಒಬ್ಬಳೇ ಹೋಗಬೇಡ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗು' ಎಂಬ ಬುದ್ಧಿವಾದಕ್ಕೆ ಈ ಘಟನೆಯಲ್ಲೂ ದೆಹಲಿಯ ಘಟನೆಯಲ್ಲೂ ಆಧಾರವಿಲ್ಲ. ಜೊತೆಗಾರರು ಎಷ್ಟು ಮಂದಿ ಎನ್ನುವುದಕ್ಕಿಂತ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಅಪರಿಚಿತರು ಎಷ್ಟು ಮಂದಿ ಇದ್ದಾರೆ ಎನ್ನುವುದು ಮುಖ್ಯವಾಗುತ್ತದೆ. ಒಂಟಿತನ ಎಂದರೆ ಆ ಜಾಗದ ಗುಣ, ಆ ವ್ಯಕ್ತಿಯದಲ್ಲ.

ಐದು ದೊಡ್ಡ ಪ್ರಕರಣಗಳನ್ನು ಹೆಕ್ಕಿಟ್ಟು ಸಿದ್ಧಾಂತ ಕಟ್ಟುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಪತ್ರಿಕೆಯ ಮುಖಪುಟಕ್ಕೆ ಬರುವ ಪ್ರಕರಣಗಳು ಎಲ್ಲ ಪ್ರಕರಣಗಳ ಮಾದರಿಯಲ್ಲ. ಆದರೆ ಮುಖಪುಟದಿಂದ ದೂರವಿರುವ ಅಧ್ಯಯನಗಳೂ ಇದೇ ದಿಕ್ಕಿಗೆ ಬೆರಳು ತೋರುತ್ತವೆ. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಅನಸ್ತಾಸಿಯಾ ಲುಕೈಟು-ಸೈಡೆರಿಸ್ ಎಂಬ ನಗರ ಯೋಜನಾ ವಿದ್ವಾಂಸೆ 1990ರ ದಶಕದಲ್ಲಿ ಬಸ್ ನಿಲ್ದಾಣಗಳ ಅಪರಾಧವನ್ನು ಪರಿಶೀಲಿಸಿದರು. ಅಪರಾಧ ಊರೆಲ್ಲ ಹರಡಿಕೊಂಡಿರಲಿಲ್ಲ, ಕೆಲವೇ ನಿಲ್ದಾಣಗಳಲ್ಲಿ ಗುಂಪುಗೂಡಿತ್ತು. ಆ ನಿಲ್ದಾಣಗಳ ಸುತ್ತ ಇದ್ದದ್ದು ಮದ್ಯದಂಗಡಿ, ಪಾಳುಬಿದ್ದ ಕಟ್ಟಡ, ಸುತ್ತಲಿನವರ ಕಣ್ಣಿಗೆ ಬೀಳದ ಮೂಲೆ. ಭಾರತದಲ್ಲಿ ಸೇಫ್ಟಿಪಿನ್ ಎಂಬ ಸಂಸ್ಥೆ 2013ರಿಂದ ಬೀದಿಗಳ ಸುರಕ್ಷತೆಯನ್ನು ಅಳೆಯುತ್ತಿದೆ. ಅದು ನೋಡುವುದು ಬೆಳಕು, ಬಯಲು, ಸುತ್ತಲ ಮನೆ-ಅಂಗಡಿಗಳಿಂದ ಆ ಜಾಗ ಕಾಣುತ್ತದೆಯೇ, ಜನ ಓಡಾಡುತ್ತಾರೆಯೇ, ಅವರಲ್ಲಿ ಹೆಂಗಸರೆಷ್ಟು, ನಡೆಯಲು ದಾರಿ ಇದೆಯೇ, ಬಸ್ಸು-ಆಟೊ ಹತ್ತಿರವೇ ಎಂಬಂಥ ಸಂಗತಿಗಳನ್ನು. ಇವುಗಳಲ್ಲಿ ಪ್ರಯಾಣಿಕಳ ಉಡುಪಿನ ಬಗ್ಗೆ, ಧೈರ್ಯದ ಬಗ್ಗೆ ಒಂದೂ ಇಲ್ಲ.

ಈ ತಿಳಿವಳಿಕೆ ಹೊಸದೂ ಅಲ್ಲ. ನಮ್ಮ ರೈಲ್ವೆ ಕಾಯ್ದೆಯಲ್ಲೇ ಅದು ಕೂತಿದೆ. 1989ರ ರೈಲ್ವೆ ಕಾಯ್ದೆಯ 139ನೇ ಕಲಂ ಟಿಕೆಟ್ ಇಲ್ಲದವರನ್ನು ರೈಲಿನಿಂದ ಇಳಿಸುವ ಅಧಿಕಾರ ಕೊಡುತ್ತದೆ. ಆದರೆ ಗಂಡಸಿನ ಜೊತೆಯಿಲ್ಲದ ಹೆಂಗಸಿಗೂ ಮಗುವಿಗೂ ಅದೇ ಕಲಂ ರಕ್ಷಣೆ ಕೊಡುತ್ತದೆ. ಅಂಥವರನ್ನು ಇಳಿಸುವುದಾದರೆ ಅವರು ಹತ್ತಿದ ನಿಲ್ದಾಣದಲ್ಲಿ, ಜಂಕ್ಷನ್‌ನಲ್ಲಿ, ಕೊನೆಯ ನಿಲ್ದಾಣದಲ್ಲಿ ಅಥವಾ ಜಿಲ್ಲಾ ಕೇಂದ್ರದ ನಿಲ್ದಾಣದಲ್ಲಿ ಮಾತ್ರ ಇಳಿಸಬೇಕು, ಅದೂ ಹಗಲು ಹೊತ್ತಿನಲ್ಲಿ. ಅರಸೀಕೆರೆ ಜಂಕ್ಷನ್ ಆದೀತು, ಅದರ ಆಚೆಗಿನ ಯಾವುದೋ ಸಣ್ಣ ಸ್ಟೇಷನ್ನಿನ ಕತ್ತಲ ಪ್ಲಾಟ್‌ಫಾರ್ಮ್ ಆಗದು. ಅವಳು ತಪ್ಪು ಮಾಡಿದ್ದಾಳೆ, ಟಿಕೆಟ್ ಇಲ್ಲ, ಆದರೂ ಅವಳನ್ನು ಎಲ್ಲಿ, ಯಾವ ಹೊತ್ತಿನಲ್ಲಿ ಇಳಿಸುತ್ತೇವೆ ಎಂಬುದು ನಮ್ಮ ಹೊಣೆ ಎಂದು ಕಾನೂನು ಒಪ್ಪಿಕೊಂಡಿದೆ. ಇನ್ನು, ದುಡ್ಡು ಕೊಟ್ಟು ಟಿಕೆಟ್ ಪಡೆದವಳನ್ನು ಬೆಳಗಿನ ಜಾವ ಮೂರೂವರೆಗೆ ಬೈಪಾಸಿನಲ್ಲಿ ಇಳಿಸಿ ಹೋಗುವ ಬಸ್ಸಿಗೆ ಇಷ್ಟೂ ಹೊಣೆ ಬೇಡವೇ?

ಬೈಪಾಸಿನ ಮಾತು ಸ್ವಲ್ಪ ವಿವರವಾಗಿಯೇ ಆಗಬೇಕು, ಏಕೆಂದರೆ ಕರ್ನಾಟಕದಲ್ಲಿ ಒಂಟಿ ಪ್ರಯಾಣಿಕರ ಕಷ್ಟ ಈಗ ಅಲ್ಲಿ ಹೆಪ್ಪುಗಟ್ಟುತ್ತಿದೆ. ಹಿಂದೆ ದೂರದ ಬಸ್ಸುಗಳು ಊರೊಳಗೆ ಬಂದೇ ಹೋಗುತ್ತಿದ್ದವು. ಸ್ಟ್ಯಾಂಡಿನಲ್ಲಿ ಸಂಚಾರ ನಿಯಂತ್ರಕರ ಕೋಣೆ, ಕ್ಯಾಂಟೀನು, ಆಟೊಗಳ ಸಾಲು, ಮಲಗಿದ್ದರೂ ಎದ್ದು ಕೂರಬಲ್ಲ ನಾಲ್ಕಾರು ಜನ ಇರುತ್ತಿದ್ದರು. ಹೆದ್ದಾರಿಗಳು ಅಗಲವಾದ ಮೇಲೆ ಊರುಗಳು ಬದಿಗೆ ಸರಿದವು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಹೊರಗಿನಿಂದಲೇ ದಾಟಿಸುತ್ತದೆ. ಅಪಘಾತಗಳು ಹೆಚ್ಚಿದ್ದರಿಂದ ಅದೇ ವರ್ಷದ ಆಗಸ್ಟ್‌ನಲ್ಲಿ ಅದರ ಮುಖ್ಯ ಪಥಕ್ಕೆ ಆಟೊ, ಬೈಕುಗಳ ಪ್ರವೇಶ ನಿಂತಿತು. ಅಪಘಾತದ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರವೇ. ಆದರೆ ಇಂಥ ಯಾವ ಹೆದ್ದಾರಿಯಲ್ಲಾದರೂ ತಡೆರಹಿತ ಬಸ್ಸಿನಿಂದ ನಡುದಾರಿಯಲ್ಲಿ ಇಳಿದವಳು ಬೇಲಿ ಮುಗಿಯುವವರೆಗೆ ನಡೆದು, ಸರ್ವಿಸ್ ರಸ್ತೆಗೆ ಬಂದು, ಕೆಳಸೇತುವೆಯ ಕತ್ತಲಲ್ಲಿ ಆಚೆ ದಾಟಿದ ಮೇಲೆಯೇ ಆಟೊದ ಮುಖ ಕಾಣುವುದು. ಸಂಜೆ ಏಳರ ಮೇಲೆ ಇಂಥ ಕೆಳಸೇತುವೆಗಳ ಬಾಯಲ್ಲಿ ನಿಂತ ಬೈಕುಗಳನ್ನು ನೋಡಬೇಕು. ಹೆಡ್‌ಲೈಟ್ ಆರಿಸಿ, ಫೋನು ಕೈಯಲ್ಲಿ ಹಿಡಿದು, ಬೆಂಗಳೂರಿನ ಕಡೆಯಿಂದ ಬರುವ ಪ್ರತಿ ಬಸ್ಸಿನ ಬೋರ್ಡನ್ನೂ ಕತ್ತೆತ್ತಿ ನೋಡುತ್ತಿರುತ್ತಾರೆ ಅಪ್ಪಂದಿರು, ಅಣ್ಣತಮ್ಮಂದಿರು. ದಿನಾ ಅವರು ನಡೆಸುತ್ತಿರುವುದು ಒಂದು ಸಾರಿಗೆ ಸೇವೆಯನ್ನೇ. ಅದಕ್ಕೆ ಸಂಬಳವಿಲ್ಲ, ಯಾವ ಇಲಾಖೆಯ ಲೆಕ್ಕದಲ್ಲೂ ಅದು ಇಲ್ಲ. ಅಪ್ಪನೂ ಅಣ್ಣನೂ ಇಲ್ಲದವಳು ಆ ಸೇವೆಯಿಂದ ಹೊರಗೆ.

ಹಳ್ಳಿಗಳ ಕ್ರಾಸಿನದೂ ಇದೇ ಕತೆ. ತಾಲ್ಲೂಕು ಕೇಂದ್ರದಿಂದ ಹೊರಟ ಬಸ್ಸು 'ಇಂಥ ಊರಿನ ಕ್ರಾಸ್' ಎಂದು ನಿಲ್ಲಿಸುತ್ತದೆ. ಊರು ಒಳಗೆ ಎರಡು-ಮೂರು ಕಿಲೋಮೀಟರ್ ಇರುತ್ತದೆ. ಕ್ರಾಸಿನಲ್ಲಿ ಒಂದು ಪೆಟ್ಟಿಗೆ ಅಂಗಡಿ ಇದ್ದರೆ ಅದರ ಬಲ್ಬೇ ಆ ಜಾಗದ ಪೊಲೀಸ್ ಠಾಣೆ. ಅಂಗಡಿಯವನು ಎಂಟಕ್ಕೆ ಬಾಗಿಲು ಹಾಕಿದರೆ ಎಂಟೂಕಾಲರ ಬಸ್ಸಿನವರು ಕತ್ತಲಿಗೆ ಇಳಿದಂತೆ. 2023ರ ಜೂನ್ 11ರಂದು ಶುರುವಾದ, ಹೆಂಗಸರಿಗೆ ಉಚಿತ ಬಸ್ ಪ್ರಯಾಣ ಕೊಡುವ ಶಕ್ತಿ ಯೋಜನೆ ಹಳ್ಳಿಯ ಹೆಂಗಸರನ್ನು ಮನೆಯಿಂದ ಹೊರಗೆ ತಂದಿದೆ. ನಾಲ್ಕು ನಿಗಮಗಳ ಬಸ್ಸುಗಳಲ್ಲಿ ಹೆಂಗಸರು ಪಡೆದ ಶೂನ್ಯ ಟಿಕೆಟ್‌ಗಳ ಸಂಖ್ಯೆ 2025ರ ಜುಲೈನಲ್ಲಿ 500 ಕೋಟಿ ಮುಟ್ಟಿತು. ಯಾರ ಅಪ್ಪಣೆಗೂ ದುಡ್ಡಿಗೂ ಕಾಯದೆ ಒಬ್ಬಳೇ ಬಸ್ಸು ಹತ್ತುವ ಹೆಂಗಸು ಈಗ ರಾಜ್ಯದಲ್ಲಿ ಅಪರೂಪವಲ್ಲ. ಇದು ದೊಡ್ಡ ಬದಲಾವಣೆ, ಇದನ್ನು ಮನಸಾರೆ ಮೆಚ್ಚಬೇಕು. ಆದರೆ ಯೋಜನೆ ಟಿಕೆಟ್‌ನ ಬೆಲೆಯನ್ನು ತೆಗೆಯಿತೇ ಹೊರತು ಕ್ರಾಸಿನಿಂದ ಊರಿನವರೆಗಿನ ಕತ್ತಲೆಯನ್ನಲ್ಲ.

ಇದಕ್ಕೆ ಪರಿಹಾರ ನಮ್ಮ ಸಾರಿಗೆ ಸಂಸ್ಥೆಗಳಿಗೆ ಎಂದೋ ಗೊತ್ತಿತ್ತು. ಉತ್ತರ ಕರ್ನಾಟಕದಲ್ಲಿ ವಸ್ತಿ ಬಸ್ಸು, ದಕ್ಷಿಣದಲ್ಲಿ ನೈಟ್ ಹಾಲ್ಟ್ ಎನ್ನುವ ಬಸ್ಸು ರಾತ್ರಿ ಕೊನೆಯ ಸುತ್ತಿನಲ್ಲಿ ಹಳ್ಳಿಯೊಳಗೇ ಬಂದು ನಿಲ್ಲುತ್ತದೆ. ಚಾಲಕ-ನಿರ್ವಾಹಕರು ಅಲ್ಲೇ ಮಲಗಿ, ಬೆಳಗ್ಗೆ ಅದೇ ಬಸ್ಸನ್ನು ಊರಿನ ಮೊದಲ ಬಸ್ಸಾಗಿ ಹೊರಡಿಸುತ್ತಾರೆ. ಪೇಟೆಗೆ ಕೆಲಸಕ್ಕೆ ಹೋದವಳು ಗುಡಿಯ ಮುಂದೆ, ನಾಲ್ಕು ಮನೆಗಳ ಬೆಳಕಿನಲ್ಲಿ ಇಳಿಯುತ್ತಾಳೆ. ಹಣದ ಲೆಕ್ಕದಲ್ಲಿ ಈ ಬಸ್ಸು ನಷ್ಟದ್ದಾಗಿ ಕಾಣಬಹುದು. ಸುರಕ್ಷತೆಯ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯವನ್ನು ಯಾರೂ ಕಂಡುಹಿಡಿದಿಲ್ಲ. ಕೆನಡಾದ ಮಾಂಟ್ರಿಯಲ್ ನಗರ 1996ರಲ್ಲಿ ತಂದ ಕ್ರಮವೂ ಇದೇ ಜಾತಿಯದು: ರಾತ್ರಿ ಹೊತ್ತು ಹೆಂಗಸರು ಕೇಳಿದರೆ ಎರಡು ನಿಲ್ದಾಣಗಳ ನಡುವೆಯೂ, ಮನೆಗೆ ಹತ್ತಿರವಾದಲ್ಲಿ ಬಸ್ಸು ನಿಲ್ಲಿಸಬೇಕು. ಅದಕ್ಕೆ ಯಂತ್ರ ಬೇಕಾಗಿಲ್ಲ, ಕಟ್ಟಡ ಬೇಕಾಗಿಲ್ಲ, ಚಾಲಕರಿಗೊಂದು ಆದೇಶ ಸಾಕು. ಕೈ ತೋರಿಸಿದಲ್ಲಿ ಬಸ್ಸು ನಿಲ್ಲಿಸುವುದು ಗೊತ್ತಿರುವ ನಾಡಿನಲ್ಲಿ ಇದನ್ನು ರಾತ್ರಿ ಒಂಬತ್ತರ ಮೇಲಿನ ನಿಯಮವಾಗಿಸುವುದು ಕಷ್ಟವಲ್ಲ.

ಬಸ್ಸಿನೊಳಗಿನ ಕಿರುಕುಳ ಕಡಿಮೆಯೇ ಎಂಬ ಆಕ್ಷೇಪವನ್ನು ಹಗುರವಾಗಿ ಬದಿಗಿಡುವಂತಿಲ್ಲ. ರಶ್ಶಿನಲ್ಲಿ ಮೈಗೆ ಒರಗುವವನು, ಸೀಟಿನ ಸಂದಿಯಿಂದ ಕೈ ತೂರಿಸುವವನು ಇದ್ದಾನೆ. ದಿನದ ಲೆಕ್ಕದಲ್ಲಿ ಹೆಣ್ಣುಮಕ್ಕಳು ಅನುಭವಿಸುವ ಹಿಂಸೆಯಲ್ಲಿ ಇದರ ಪಾಲು ದೊಡ್ಡದು. ರೈಲಿನಲ್ಲಿ ಬಿಸ್ಕತ್ತಿಗೆ ಮತ್ತಿನ ಪದಾರ್ಥ ಬೆರೆಸಿ ದೋಚುವವರಿಗೆ ಒಂಟಿ ಗಂಡಸರೂ ಮುದುಕರೂ ಬಲಿಯಾಗುತ್ತಾರೆ. ಹೀಗಾಗಿ ಜನ ಇರುವ ಕಡೆ ಎಲ್ಲವೂ ಕ್ಷೇಮ ಎಂದು ಹೇಳುವುದು ಸುಳ್ಳಾದೀತು. ಆದರೆ ಜನರಿರುವ ಬಸ್ಸಿನಲ್ಲಿ ದನಿ ಎತ್ತಿದರೆ ಬೆಲೆಯಿದೆ. ಅಲ್ಲಿ ಸಮವಸ್ತ್ರದ ಕಂಡಕ್ಟರ್ ಇದ್ದಾರೆ, ಬಸ್ಸನ್ನು ನೇರ ಠಾಣೆಯ ಮುಂದೆ ನಿಲ್ಲಿಸಿದ ಉದಾಹರಣೆಗಳಿವೆ. ಕೂಗು ಕೇಳಿಸುವಷ್ಟು ಜನರಿದ್ದರೂ ಎದ್ದು ನಿಲ್ಲುವ ಮನಸ್ಸಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ಶೋರನೂರು ಪ್ರಕರಣವೇ ಹೇಳಿದೆ: ಪಕ್ಕದ ಬೋಗಿಯವರಿಗೆ ಚೀತ್ಕಾರ ಕೇಳಿತ್ತು, ಅವರು ಸರಪಳಿ ಎಳೆಯಬೇಕೆಂದಿದ್ದರು, ಬಾಗಿಲ ಬಳಿ ನಿಂತಿದ್ದವನೊಬ್ಬ, ಹುಡುಗಿ ಹಾರಿ ಪಾರಾದಳು ಎಂದು ಹೇಳಿ ಅವರನ್ನು ತಡೆದ. ಸುಪ್ರೀಂ ಕೋರ್ಟಿನ 2016ರ ತೀರ್ಪಿನಲ್ಲಿ ಇದು ದಾಖಲಾಗಿದೆ. ಮಹಿಳೆಯರಿಗೇ ಮೀಸಲಾದ ಬೋಗಿ ತುಂಬಿದ್ದಾಗ ಆಸರೆ, ಖಾಲಿಯಾದಾಗ ಬಲೆ. ಅದನ್ನು ರೈಲಿನ ತುದಿಗೆ ಜೋಡಿಸದೆ ಪೊಲೀಸರಿರುವ ಬೋಗಿಯ ಪಕ್ಕಕ್ಕೆ ತರಬೇಕು. ಕೊನೆಯ ನಿಲ್ದಾಣಗಳ ಹೊತ್ತಿಗೆ ಒಬ್ಬಳೇ ಉಳಿದವಳು ಸಂಕೋಚವಿಲ್ಲದೆ ಜನರಿರುವ ಬೋಗಿಗೆ ಬದಲಿಸಬೇಕು.

ತಂತ್ರಜ್ಞಾನವನ್ನು ನಂಬಿದವರ ಆಕ್ಷೇಪ ಇನ್ನೊಂದು. ಈಗ ಎಲ್ಲರ ಕೈಯಲ್ಲೂ ಫೋನಿದೆ, ತುರ್ತು ಕರೆಗೆ 112 ಇದೆ, ರೈಲಿನಲ್ಲಿ 139 ಸಹಾಯವಾಣಿ ಇದೆ, ಲೈವ್ ಲೊಕೇಶನ್ ಇದೆ, ಇನ್ನೇನು ಬೇಕು ಎನ್ನುತ್ತಾರೆ. ಇವೆಲ್ಲ ಬೇಕು. ಆದರೆ ಎಲ್ಲಿ ಇಟ್ಟಿದ್ದೇವೆ ನೋಡಿ. 2019ರ ಜನವರಿಯಿಂದ ನೋಂದಣಿಯಾಗುವ ಸಾರ್ವಜನಿಕ ಪ್ರಯಾಣಿಕ ವಾಹನಗಳಿಗೆ ಜಾಡು ಹಿಡಿಯುವ ಸಾಧನವೂ ತುರ್ತು ಗುಂಡಿಯೂ ಕಡ್ಡಾಯವೆಂದು ಕೇಂದ್ರದ ನಿಯಮ ಹೇಳಿತು, ಆದರೆ ಮೂರು ಚಕ್ರದ ವಾಹನಗಳಿಗೆ ವಿನಾಯಿತಿ ಕೊಟ್ಟಿತು. ಅಂದರೆ ಕೊನೆಯ ಎರಡು ಕಿಲೋಮೀಟರಿಗೆ ಹೆಚ್ಚು ಜನ ಹತ್ತುವ ಆಟೊವೇ ಅದರಿಂದ ಹೊರಗುಳಿಯಿತು. ಗುಂಡಿ ಒತ್ತಿದ ಮೇಲೂ ನೆರವು ಬರಲು ಹತ್ತು ನಿಮಿಷವಾದರೂ ಬೇಕು. ಆ ಹತ್ತು ನಿಮಿಷಕ್ಕೆ ಪಕ್ಕದ ಅಂಗಡಿಯವರೇ ದಿಕ್ಕು.

ಹಾಗಾದರೆ ಪ್ರಯಾಣಿಕರು ಮಾಡುವಂಥದ್ದೇನೂ ಇಲ್ಲವೇ? ಇದೆ, ಆ ಎಚ್ಚರಿಕೆ ಕೀಲುಗಳ ಮೇಲೆ ಬೀಳಬೇಕು, ಅಷ್ಟೆ. ಬಸ್ಸನ್ನೋ ರೈಲನ್ನೋ ಹೊರಡುವ ಹೊತ್ತು ನೋಡಿ ಆರಿಸುವ ಬದಲು ಇಳಿಯುವ ಹೊತ್ತು ನೋಡಿ ಆರಿಸಬೇಕು. ರಾತ್ರಿ ಹತ್ತಕ್ಕೆ ಹೊರಟು ಆರೂವರೆಗೆ ತಲುಪಿಸುವ ಬಸ್ಸು, ಎಂಟಕ್ಕೆ ಹೊರಟು ನಾಲ್ಕಕ್ಕೆ ಇಳಿಸುವ ಬಸ್ಸಿಗಿಂತ ಮೇಲು. ಮುಂಗಡ ಕಾಯ್ದಿರಿಸುವಾಗ ಇಳಿಯುವ ಜಾಗ 'ಬೈಪಾಸ್' ಎಂದಿದೆಯೋ 'ಬಸ್ ಸ್ಟ್ಯಾಂಡ್' ಎಂದಿದೆಯೋ ಓದಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಇಳಿದರೆ ಬೆಳಕು ಹರಿಯುವವರೆಗೆ ನಿಲ್ದಾಣದಲ್ಲೇ, ವಿಚಾರಣಾ ಕೌಂಟರ್ ಎದುರಿಗೇ ಕೂರುವುದರಲ್ಲಿ ಅವಮಾನವಿಲ್ಲ. ನಮ್ಮ ಸ್ಟಾಪಿಗಿಂತ ಮೊದಲ ಸ್ಟಾಪಿನಲ್ಲಿ ಹೋಟೆಲು ತೆರೆದಿದ್ದರೆ ಅಲ್ಲೇ ಇಳಿದು ಆಟೊ ಹಿಡಿಯಬಹುದು. ಕ್ಯಾಬ್ ಆದರೆ ಗಾಡಿಯ ನಂಬರ್, ಚಾಲಕನ ಮುಖ ಎರಡೂ ಹೊಂದಿದ ಮೇಲೆಯೇ ಓಟಿಪಿ ಹೇಳಬೇಕು. 'ಗಾಡಿ ಬದಲಾಗಿದೆ ಮೇಡಂ, ಹತ್ತಿ' ಎಂದರೆ ಹತ್ತಬಾರದು. ಮನೆಯವರಿಗೆ ಲೊಕೇಶನ್ ಕಳಿಸಿ ಸುಮ್ಮನಾಗುವುದಕ್ಕಿಂತ 'ಏಳೂವರೆ ಒಳಗೆ ನನ್ನ ಫೋನು ಬರದಿದ್ದರೆ ನೀವು ಮಾಡಿ, ಎತ್ತದಿದ್ದರೆ 112ಕ್ಕೆ ತಿಳಿಸಿ' ಎಂದು ಹೇಳಿಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಯಾವ ಗಳಿಗೆಯಿಂದ ಗಾಬರಿಯಾಗಬೇಕು, ಆಗ ಏನು ಮಾಡಬೇಕು ಎಂಬುದು ಅವರಿಗೆ ಮೊದಲೇ ಗೊತ್ತಿರಬೇಕು.

ಇಷ್ಟೆಲ್ಲ ತಾಪತ್ರಯ ಯಾಕೆ, ಹೋಗದಿದ್ದರಾಯಿತು ಎನ್ನುವವರಿದ್ದಾರೆ. ಅದು ಕಾಳಜಿಯಿಂದ ಬರುವ ಮಾತೇ ಇರಬಹುದು, ಆದರೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳನ್ನು ತೆರೆದರೆ, ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚರಲ್ಲಿ ಆರೋಪಿ ಸಂತ್ರಸ್ತೆಗೆ ಗೊತ್ತಿದ್ದವನೇ. ಹೆಂಗಸರು ಹೊರಗೆ ಹೋಗುವುದೇ ಕಡಿಮೆಯಾದ್ದರಿಂದ ಈ ಅಂಕಿ ಹೀಗಿದೆ ಎಂದು ಯಾರಾದರೂ ಹೇಳಿದರೆ ಅದರಲ್ಲಿ ಸ್ವಲ್ಪ ಸತ್ಯವಿದೆ. ಆದರೂ ಮನೆ ಎಂಬುದು ಸುರಕ್ಷತೆಗೆ ಇನ್ನೊಂದು ಹೆಸರಲ್ಲ ಎಂಬುದಕ್ಕೆ ಇಷ್ಟು ಸಾಕು. ಹೋಗದೆ ಉಳಿಯುವುದಕ್ಕೆ ಬೆಲೆಯೂ ಇದೆ. ದೆಹಲಿಯ ವಿದ್ಯಾರ್ಥಿನಿಯರ ಬಗ್ಗೆ ಅರ್ಥಶಾಸ್ತ್ರಜ್ಞೆ ಗಿರಿಜಾ ಬೋರ್ಕರ್ ನಡೆಸಿದ ಅಧ್ಯಯನದಲ್ಲಿ, ಹೋಗಿಬರುವ ದಾರಿ ಸುರಕ್ಷಿತವಾಗಿರಲೆಂದು ಹುಡುಗಿಯರು ಒಳ್ಳೆಯ ಕಾಲೇಜು ಬಿಟ್ಟು ಅದಕ್ಕಿಂತ ಕೆಳಗಿನ ಕಾಲೇಜು ಆರಿಸಿಕೊಳ್ಳುವುದು ಕಂಡುಬಂತು. ಹುಡುಗರು ಅಷ್ಟು ಬಿಟ್ಟುಕೊಡುತ್ತಿರಲಿಲ್ಲ. ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ 2011ರಲ್ಲಿ ಪ್ರಕಟಿಸಿದ ಮುಂಬೈ ಕುರಿತ 'ವೈ ಲಾಯ್ಟರ್?' ಪುಸ್ತಕದಲ್ಲಿ ಇನ್ನೂ ಮುಂದೆ ಹೋಗಿ, ಕಾರಣವಿಲ್ಲದೆಯೂ ಬೀದಿಯಲ್ಲಿ ಇರುವ ಹಕ್ಕು, ಅಪಾಯವನ್ನು ತಾನೇ ಆರಿಸಿಕೊಳ್ಳುವ ಹಕ್ಕು ಹೆಣ್ಣಿಗೆ ಬೇಕೆಂದರು. ಆ ವಾದಕ್ಕೆ ಇನ್ನೊಂದು ಮಾತು ಸೇರಿಸಬಹುದು: ಹೆಂಗಸರು ಹೆಚ್ಚು ಓಡಾಡುವ ಬೀದಿಯೇ ಮುಂದಿನ ಹೆಂಗಸಿಗೆ ಹೆಚ್ಚು ಸುರಕ್ಷಿತ, ಒಬ್ಬಳು ಹಿಂದೆ ಸರಿದರೆ ಉಳಿದವಳು ಅಷ್ಟು ಒಂಟಿಯಾಗುತ್ತಾಳೆ.

ನಷ್ಟದ ಮಾರ್ಗದಲ್ಲಿ ರಾತ್ರಿ ಬಸ್ಸು ಓಡಿಸಲು ದುಡ್ಡೆಲ್ಲಿದೆ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಆ ಖರ್ಚು ಈಗಲೂ ಆಗುತ್ತಿದೆ. ಬಿಟ್ಟ ಕೆಲಸ, ಕೆಳಗಿನ ಕಾಲೇಜು, ಪಿ.ಜಿ. ಬಾಡಿಗೆ, ಕೆಳಸೇತುವೆಯ ಬಳಿ ಕಾಯುವ ಅಪ್ಪನ ಪೆಟ್ರೋಲು, ಇವೆಲ್ಲ ಸೇರಿ ಆ ಬಸ್ಸಿನ ವೆಚ್ಚವೇ. ಅದು ಸಾರಿಗೆ ನಿಗಮದ ಪುಸ್ತಕದಿಂದ ಬಡವರ ಮನೆಯ ಪುಸ್ತಕಕ್ಕೆ ವರ್ಗವಾಗಿದೆ. ಮಹಿಳೆಯರ ಸುರಕ್ಷತೆಗೆಂದು 2013ರ ಕೇಂದ್ರ ಬಜೆಟ್ಟಿನಲ್ಲಿ 1000 ಕೋಟಿ ರೂಪಾಯಿಯೊಂದಿಗೆ ಶುರುವಾದ ನಿರ್ಭಯಾ ನಿಧಿಯಂಥ ಹಣದಲ್ಲಿ ಕ್ಯಾಮೆರಾಗಳ ಜೊತೆಗೆ ವಸ್ತಿ ಬಸ್ಸಿನ ಸಿಬ್ಬಂದಿಗೆ ಮಲಗಲೊಂದು ಒಳ್ಳೆಯ ಕೋಣೆ, ಕ್ರಾಸಿಗೊಂದು ಸೌರದೀಪ ಕೇಳುವುದರಲ್ಲಿ ತಪ್ಪೇನಿದೆ?

ಕಾಸಿಗಿಂತ ದೊಡ್ಡ ತೊಡಕು ಹೊಣೆಯದು. ಶಂಷಾಬಾದ್ ಪ್ರಕರಣದಲ್ಲಿ ಆ ರಾತ್ರಿ ದೂರು ಕೊಡಲು ಹೋದ ಮನೆಯವರನ್ನು, ಜಾಗ ನಮ್ಮ ವ್ಯಾಪ್ತಿಯದಲ್ಲ ಎಂದು ಒಂದು ಠಾಣೆಯಿಂದ ಇನ್ನೊಂದಕ್ಕೆ ಅಲೆಸಲಾಯಿತು. ಆಮೇಲೆ ಮೂವರು ಪೊಲೀಸರು ಅಮಾನತಾದರು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಈ ನೆಪಕ್ಕೆ ಕಾನೂನಿನಲ್ಲಿ ಜಾಗವಿಲ್ಲದಂತೆ ಮಾಡಿದೆ: ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಟ್ಟರೆ ದಾಖಲಿಸಿಕೊಳ್ಳಬೇಕು. ರಾತ್ರಿ ಬಸ್ಸಿನಲ್ಲಿ ಮೂರು ಜಿಲ್ಲೆ ದಾಟುವವಳಿಗೆ ಇದು ಬಹಳ ದೊಡ್ಡ ಬಲ, ಇದನ್ನು ಪ್ರತಿ ನಿಲ್ದಾಣದ ಗೋಡೆಯ ಮೇಲೆ ಬರೆಸಬೇಕು. ದೂರಿಗೆ ಸಿಕ್ಕ ಈ ನಿಯಮ ಜಾಗಕ್ಕೆ ಇನ್ನೂ ಸಿಕ್ಕಿಲ್ಲ. ಬೈಪಾಸಿನ ಕೆಳಸೇತುವೆ ಹೆದ್ದಾರಿ ಪ್ರಾಧಿಕಾರದ್ದು, ಅಲ್ಲಿಂದ ಊರಿನವರೆಗಿನ ಬೀದಿದೀಪ ಪುರಸಭೆಯದ್ದೋ ಪಂಚಾಯ್ತಿಯದ್ದೋ, ಬಸ್ಸು ನಿಗಮದ್ದು, ಗಸ್ತು ಪೊಲೀಸರದ್ದು. ಒಬ್ಬಳು ನಡೆದುಹೋಗುವ ಆ ಅರ್ಧ ಕಿಲೋಮೀಟರ್ ಒಟ್ಟಾಗಿ ಯಾರದೂ ಅಲ್ಲ. ಪ್ರತಿ ತಾಲ್ಲೂಕಿನಲ್ಲಿ ಕತ್ತಲಾದ ಮೇಲೆ ಜನ ಇಳಿಯುವ ಕ್ರಾಸು, ಬೈಪಾಸುಗಳ ಪಟ್ಟಿ ಮಾಡುವುದು ಡಿಪೊ ವ್ಯವಸ್ಥಾಪಕರಿಗೆ ಒಂದು ವಾರದ ಕೆಲಸ, ಏಕೆಂದರೆ ಯಾವ ಸ್ಟೇಜಿನಲ್ಲಿ ಎಷ್ಟು ಟಿಕೆಟ್ ಇಳಿಯುತ್ತದೆ ಎಂಬುದು ಕಂಡಕ್ಟರ್ ಕೈಯಲ್ಲಿನ ಯಂತ್ರದಲ್ಲೇ ಇದೆ. ಆ ಪಟ್ಟಿಯ ಒಂದೊಂದು ಜಾಗಕ್ಕೂ ದೀಪ, ಬಸ್ಸು, ಗಸ್ತು ಮೂರಕ್ಕೂ ಉತ್ತರ ಹೇಳುವ ಒಬ್ಬ ಅಧಿಕಾರಿಯನ್ನು ಜಿಲ್ಲಾಧಿಕಾರಿ ಹೆಸರಿಸಬೇಕು, ಆ ಅಧಿಕಾರಿಯ ಫೋನ್ ನಂಬರು ತಂಗುದಾಣದ ಗೋಡೆಯ ಮೇಲಿರಬೇಕು.